ನರಿಯ ಆಸ್ಥಾನದಲ್ಲಿ ಕೋಳಿನಾಡಿನ ರಾಯಭಾರಿ

ಭೂಮಂಡಲದಲ್ಲಿ ತನ್ನಂಥ ರಾಯಭಾರಿ ಹುಟ್ಟಿಯೇ ಇಲ್ಲವೆಂದು ಆ ಹುಂಜಕ್ಕೆ ಖಾತ್ರಿಯಿತ್ತು. ಅದು ಕೂಗಿದರೆ ಸೂರ್ಯನೇ ಗಾಬರಿಯಿಂದ ಎದ್ದು ಬರುತ್ತಿದ್ದ! ಕೋಳಿನಾಡಿನ ದೂತನೆಂದು ನರಿರಾಜನ ಆಸ್ಥಾನದಲ್ಲಿ ಅದಕ್ಕೆ ಭಾರೀ ಮರ್ಯಾದೆ. ಹೊಟ್ಟೆತುಂಬ ಜೋಳ ತಿಂದು, ದಿನಾ ಬೆಳಗ್ಗೆ ತವರಿನ ಕಡೆ ತಿರುಗಿ, "ಎರಡು ನಾಡಿನ ಸ್ನೇಹ ಗಟ್ಟಿಯಾಗಿದೆ!" ಎಂದು ಕೂಗುತ್ತಿತ್ತು. ಅದನ್ನು ನಂಬಿದ ಕೋಳಿಗಳು ಗೂಡಿನ ಬಾಗಿಲನ್ನೇ ಹಾಕುತ್ತಿರಲಿಲ್ಲ. ನರಿಗಳ ಮೂತಿಗೆ ಪುಕ್ಕ ಅಂಟಿದ್ದು ಕಂಡರೂ ಹುಂಜ ತುಟಿಪಿಟಿಕ್ಕೆನ್ನಲಿಲ್ಲ. ಊಟ ಹಾಕಿದವರನ್ನು ಅಂಥದ್ದೆಲ್ಲ ಕೇಳುವುದುಂಟೇ?

ಒಂದು ದಿನ ನರಿರಾಜ ಬಾಯಿ ಒರೆಸಿಕೊಳ್ಳುತ್ತ, "ರಾಯಭಾರಿಗಳೇ, ತಾವು ಯಾವ ದೇಶದವರು?" ಎಂದ.

"ಕೋಳಿನಾಡು, ಪ್ರಭೂ!"

"ಅದು ನಿನ್ನೆಗೆ ಮುಗಿಯಿತಲ್ಲ."

ಹುಂಜ ಹಿಂದೆ ಸರಿಯಿತು. "ದೂತನ ಮೈ ಮುಟ್ಟುವಂತಿಲ್ಲ! ಲೋಕದ ಕಟ್ಟಳೆ!"

"ದೂತರನ್ನು ಯಾರು ಮುಟ್ಟುತ್ತಾರೆ, ಸ್ವಾಮಿ? ನಾಡೇ ಇಲ್ಲದ ಮೇಲೆ ನೀವು ಬರೀ ಕೋಳಿ."