ಫಕೀರವ್ವ ಒರೆಸಿದ ಚಿತ್ರ

ಹಿಂದೆ, ನಮ್ಮಜ್ಜನ ಅಜ್ಜನಿಗೂ ಹಿಂದೆ, ಹೊಳೆದಂಡೆಯ ಒಂದು ಊರಲ್ಲಿ ತಿಪ್ಪಣ್ಣ ಅಂತ ಒಬ್ಬ ಚಿತ್ರಗಾರ ಇದ್ದನಂತೆ. ಊರಿನ ಹೆಸರು ನನಗೆ ಗೊತ್ತು, ಹೇಳುವುದಿಲ್ಲ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಪಾರವ್ವಾ, ಪಂಚಮಿ ಉಂಡಿ ಕಟ್ಟುತ್ತಲೇ ಕೇಳು, ಇದು ನಿನಗೇ ಹೇಳುತ್ತಿರುವುದು.

ತಿಪ್ಪಣ್ಣ ಮನುಷ್ಯರ ಮುಖ ಬರೆಯುತ್ತಿದ್ದನಂತೆ. ನೀರಲ್ಲಿ ಕಲಸಿದ ಬಣ್ಣ, ಅಳಿಲಿನ ಬಾಲದ ಕೂದಲಿನ ಕುಂಚ, ಅಷ್ಟೇ ಅವನ ಆಸ್ತಿ. ಮುಖ ಬರೆಯುವವನು ಮೊದಲು ಬೆಳಕಿಗೆ ಕೂರಿಸಿ ಕಣ್ತುಂಬ ನೋಡಬೇಕು ಅನ್ನುತ್ತಿದ್ದನಂತೆ. ಒಂದು ಪದರ ಆರದೆ ಇನ್ನೊಂದು ಹಚ್ಚಿದರೆ ಮುಖವೆಲ್ಲ ರಾಡಿ. ಕಣ್ಣಿನ ಹೊಳಪಿಗೆ ಬಿಳಿ ಬಣ್ಣ ಹಚ್ಚುವುದಲ್ಲ, ಅಷ್ಟು ಜಾಗ ಕಾಗದವನ್ನು ಹಾಗೇ ಬಿಡಬೇಕು. ಇನ್ನೊಂದು ಮಾತನ್ನೂ ಹೇಳುತ್ತಿದ್ದನಂತೆ. ನೀರುಬಣ್ಣ ಒಣಗಿದರೂ ನೀರು ತಾಗಿದರೆ ಮತ್ತೆ ಏಳುತ್ತದೆ. ನೀಲಿ ಮಾತ್ರ ಹಟಮಾರಿ, ಕಾಗದಕ್ಕೆ ಇಳಿಯಿತೆಂದರೆ ಒರೆಸಿದರೂ ಹೋಗುವುದಿಲ್ಲ.

ಆ ಊರಲ್ಲಿ ಒಂದು ವಾಡೆ ಇತ್ತಂತೆ, ವಾಡೆಯಲ್ಲಿ ಒಬ್ಬ ದೇಸಾಯಿ. ಅವನ ಸೊಸೆ ಬಾಳವ್ವ. ಗಂಡ ಹೊಡೆಯುತ್ತಿದ್ದ, ಮಾವ ನೋಡುತ್ತಿದ್ದ. ಊರೂ ನೋಡುತ್ತಿತ್ತು! ಗುಡಿಗೆ ಬಂದಾಗ ಅವಳ ಮುಖ ಯಾರಿಗೆ ಕಂಡಿರಲಿಲ್ಲ? ದೊಡ್ಡವರ ಮನೆ ಉಸಾಬರಿ ನಮಗೇಕೆ ಅಂದರಂತೆ. ಥೂ, ಅವರ ಬಾಯಿಗೆ ಮಣ್ಣು ಹಾಕ.

ಪಂಚಮಿ ಬಂತು. ಬಾಳವ್ವನ ಅಣ್ಣ ಹಬ್ಬಕ್ಕೆ ತವರಿಗೆ ಕರೆಯಲು ಬಂದರೆ ವಾಡೆಯ ಬಾಗಿಲಿಂದಲೇ ತಿರುಗಿಸಿ ಕಳಿಸಿದರಂತೆ. ಮರುವರ್ಷವೂ ಹಾಗೇ. ಹೊಳೆಯ ಈಚೆ, ನಮ್ಮ ಕಡೆ, ಅವಳ ತಾಯಿ ಫಕೀರವ್ವ, ಮಗಳ ಮುಖ ನೋಡದೆ ರೊಟ್ಟಿ ಮುಟ್ಟುವುದಿಲ್ಲ ಅಂತ ಕೂತಳಂತೆ. ಆಗ ದೇಸಾಯಿ ತಿಪ್ಪಣ್ಣನನ್ನು ಕರೆಸಿದ. ಸೊಸೆಯ ಚಿತ್ರ ಬರೆ, ಕೆನ್ನೆ ತುಂಬಿಕೊಂಡು ನಗುತ್ತಿರಬೇಕು, ಅದನ್ನೇ ಕಳಿಸುತ್ತೇನೆ, ನೋಡಿಕೊಂಡು ಸುಮ್ಮನಾಗಲಿ ಅಂದನಂತೆ.

ಬಾಳವ್ವನನ್ನು ತಂದು ಕೂರಿಸಿದರು. ಗೋಡೆಗೆ ಸುಣ್ಣ ಬಳಿದ ಹಾಗೆ ಕೆನ್ನೆಗೆ ಅರಿಸಿನ ಬಳಿದಿದ್ದರಂತೆ. ತಿಪ್ಪಣ್ಣ ಅವಳನ್ನು ಬೆಳಕಿಗೆ ತಿರುಗಿಸಿದ. ಅರಿಸಿನದ ಕೆಳಗೆ ಬಾತುಕೊಂಡ ಕೆನ್ನೆ, ಅದರ ಮೇಲೆ ಬೆರಳ ಗುರುತು ಕಂಡಿತು. ಗಂಡ ಬಾಗಿಲಲ್ಲೇ ನಿಂತಿದ್ದ.

ತಿಪ್ಪಣ್ಣ ಮೊದಲು ಕೆನ್ನೆಗೆ ನೀಲಿ ಹಚ್ಚಿದನಂತೆ. ಇದೇನೋ ನೀಲಿ ಅಂತ ಗಂಡ ಗದರಿದನಂತೆ.

"ನೆರಳಿನ ಬಣ್ಣರೀ ಯಪ್ಪಾ. ಮ್ಯಾಲ ಹಳದಿ ಬಂದ ಮ್ಯಾಲ ಕಾಣೂದಿಲ್ಲ."

ತನ್ನ ಬೆರಳ ಗುರುತು ಆ ಗಂಡನಿಗೇ ತಿಳಿಯಲಿಲ್ಲ ನೋಡು, ಮೂರ್ಖ! ನೀಲಿ ಚೆನ್ನಾಗಿ ಆರಿದ ಮೇಲೆ ತಿಪ್ಪಣ್ಣ ಹಳದಿಯನ್ನು ದಪ್ಪಗೆ ಹಚ್ಚಿದ. ನಗುವ ಬಾಯಿ ಬರೆದ. ದೇಸಾಯಿ ಮೆಚ್ಚಿ ಶಾಲು ಹೊದಿಸಿದನಂತೆ. ಆ ಶಾಲನ್ನು ತಿಪ್ಪಣ್ಣ ಕತ್ತೆಗೆ ಹೊದಿಸಿದ ಅನ್ನುತ್ತಾರೆ. ನಿಜವಿದ್ದರೆ ನನಗೆ ಬಹಳ ಸಂತೋಷ.

ಚಿತ್ರ ಹೊಳೆ ದಾಟಿ ತಾಯಿಯ ಕೈ ಸೇರಿತು. ಚಿತ್ರವೇ ಅತ್ತಿತು ಅಂತ ಜನ ಕತೆ ಕಟ್ಟಿದ್ದಾರೆ. ಸುಳ್ಳು! ಚಿತ್ರ ಎಲ್ಲಾದರೂ ಅಳುತ್ತದೆಯೇ? ಅತ್ತವಳು ತಾಯಿ. ಕಣ್ಣೀರು ಚಿತ್ರದ ಕೆನ್ನೆಯ ಮೇಲೆ ಬಿತ್ತು. ಅಯ್ಯೋ, ಮಗಳ ಮುಖ ಕೆಟ್ಟಿತಲ್ಲ ಅಂತ ಸೆರಗಿನಿಂದ ಒರೆಸಿದಳು. ಹಳದಿ ಸೆರಗಿಗೆ ಬಂತು. ನೀಲಿ ಉಳಿಯಿತು. ಒರೆಸಿದಳು, ಇನ್ನೂ ಒರೆಸಿದಳು. ಬೆರಳುಗಳ ಸಮೇತ ಏಟಿನ ಗುರುತು ಎದ್ದು ಬಂತಂತೆ.

ಫಕೀರವ್ವ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗನ ಜೊತೆ ಹೊಳೆಗೆ ಇಳಿದಳಂತೆ. ವಾಡೆಯ ಮುಂದೆ ನಿಂತು ಆ ಚಿತ್ರವನ್ನು ಊರಿಗೆಲ್ಲ ಹಿಡಿದು ತೋರಿಸಿದಳಂತೆ.

"ನಿಮಗೆಲ್ಲಾ ಕಣ್ಣ ಅದಾವಲ್ಲ! ನಾ ಇದನ್ನ ಕಾಗದದಾಗ ನೋಡಬೇಕಾತೇನು?"

ಯಾರೂ ತಲೆ ಎತ್ತಲಿಲ್ಲ, ಯಾರೂ ಅಡ್ಡ ಬರಲಿಲ್ಲ. ಮಗಳ ಕೈ ಹಿಡಿದು ಕರೆದುಕೊಂಡು ಹೋದಳು.

ತಿಪ್ಪಣ್ಣನನ್ನು ಬಿಟ್ಟರೇ? ಇಲ್ಲ. ದೇಸಾಯಿಯ ಆಳುಗಳು ಅವನ ಬಲಗೈ ಮುರಿದು ಊರು ಬಿಡಿಸಿದರಂತೆ. ಆಗಲೂ ಊರು ನೋಡುತ್ತಾ ನಿಂತಿತ್ತು. ಎಡಗೈಯಲ್ಲಿ ಬರೆಯುತ್ತಿದ್ದ ಅಂತ ಕೆಲವರು ಹೇಳುತ್ತಾರೆ, ಯಾರು ಕಂಡಿದ್ದಾರೆ?

ಈಗಲೂ ಹೊಳೆಯ ಈಚೆ, ನಮ್ಮ ಕಡೆಯ ಊರುಗಳಲ್ಲಿ, ಪಂಚಮಿಗೆ ಮಗಳು ಬಂದರೆ ತಾಯಿ ಹೊಸ್ತಿಲಾಚೆಯೇ ನಿಲ್ಲಿಸುತ್ತಾಳೆ. ಬೆಳಕಿಗೆ ತಿರುಗಿಸಿ, ಸೆರಗನ್ನು ನೀರಲ್ಲಿ ಅದ್ದಿ ಅವಳ ಕೆನ್ನೆ ಒರೆಸುತ್ತಾಳೆ. ದಾರಿಯ ಧೂಳು ಒರೆಸುವ ಶಾಸ್ತ್ರವಂತೆ. ಧೂಳಂತೆ ಧೂಳು!

ಪಾರವ್ವಾ, ನಾಳೆ ನಿನ್ನ ಮಗಳು ಬರುತ್ತಾಳಲ್ಲ. ಉಂಡಿ ಆಮೇಲೆ ಕೊಡು. ಮೊದಲು ಒರೆಸು.