ಬಟಾಣಿ ಕಾಳು ಬಿಡಿಯಾದದ್ದು

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಹೊಳೆಗೆ ಇನ್ನೂ ತನ್ನ ದಾರಿ ಗೊತ್ತಿರಲಿಲ್ಲ, ಪಾಪ, ಗಾಳಿಯನ್ನು ಕೇಳಿ ಕೇಳಿ ಹರಿಯುತ್ತಿತ್ತು. ಆಗ ಕಡಲಾಚೆಯ ಇಂಗ್ಲಿಷ್ ನಾಡಿನಲ್ಲಿ ಒಂದು ಬಟಾಣಿ ಬಳ್ಳಿ ಇತ್ತು. ಅಲ್ಲಿನವರು ಬಟಾಣಿಗೆ ‘ಪೀಸ್’ ಅನ್ನುತ್ತಿದ್ದರು. ನಾವು ರಾಗಿ ಅನ್ನುವುದಿಲ್ಲವೇ, ಹಾಗೆ. ಚಿಟಿಕೆ ಇದ್ದರೂ ರಾಗಿ, ಕಣಜದ ತುಂಬ ಇದ್ದರೂ ರಾಗಿ.

ಆಗ ಬಟಾಣಿ ಸಿಪ್ಪೆಯೊಳಗೆ ಬಿಡಿ ಕಾಳು ಎಲ್ಲಿತ್ತು! ಈ ತುದಿಯಿಂದ ಆ ತುದಿಗೆ ಒಂದೇ ಹಸಿರು ಗಟ್ಟಿ. ಬಳ್ಳಿಗೆ ಅದೇ ದೊಡ್ಡ ಹೆಮ್ಮೆ.

ಒಂದು ಬೆಳಿಗ್ಗೆ ಪಾರಿವಾಳ ಬೂದಕ್ಕ ಹಾರಿ ಬಂದಳು. ಅವಳದು ತೆನೆ ತಿನ್ನುವ ಮನೆತನ. ಯಾವ ತೆನೆ ಬಿಡಿಸಿದರೂ ಒಳಗೆ ರಾಶಿ ಕಾಳು. ಒಂದೊಂದೇ ಕಾಳು ಕೊಕ್ಕಿನಲ್ಲಿ ಕಚ್ಚಿ ತಂದು ಮರಿಗೆ ಉಣಿಸುವುದು ಅವರ ಪದ್ಧತಿ. ಆ ಸಲ ಆಲಿಕಲ್ಲು ಬಿದ್ದು ತೆನೆಯೆಲ್ಲ ನೆಲ ಕಚ್ಚಿತ್ತು. ಗೂಡಿನಲ್ಲಿ ಮರಿ ನಿನ್ನೆಯಿಂದ ಉಪವಾಸ.

“ಬಳ್ಳಿಯಮ್ಮಾ, ನಿನ್ನಲ್ಲಿರೋದು ಪೀಸ್ ಅಂತೆ. ಅಂದಮೇಲೆ ಒಳಗೆ ತುಂಬಾ ಇರಬೇಕು. ಒಂದೇ ಒಂದು ಪೀ ಕೊಡು ತಾಯಿ.”

ಆ ನಾಡಿನ ಮಾತಿನಲ್ಲಿ ಬಹಳ ಇದ್ದರೆ ಹೆಸರಿನ ಕೊನೆಗೆ ಒಂದು ‘ಸ್’ ಅಂಟಿಸುತ್ತಾರೆ. ಪೀಸ್ ಕೂಡ ಹಾಗೇ, ‘ಸ್’ ತೆಗೆದರೆ ಒಂದೇ ಕಾಳು ಅಂತ ಬೂದಕ್ಕ ಅಂದುಕೊಂಡಿದ್ದಳು.

ಗಾಳಿ ಬಿದ್ದು ಬಿದ್ದು ನಕ್ಕಿತು. “ಪೀ ಅಂತೆ ಪೀ! ಅಂಥದ್ದು ಎಲ್ಲಿದೆಯೇ?” ಹೊಳೆಯೂ ಕಿಸಕ್ಕೆಂದಿತು.

ಬಳ್ಳಿ ಮಾತ್ರ ನಗಲಿಲ್ಲ. “ಇಲ್ಲದ್ದನ್ನು ಎಲ್ಲಿಂದ ತರಲಿ ಬೂದಕ್ಕಾ? ಬೇಕಾದರೆ ಇಡೀ ಗಟ್ಟಿಯನ್ನೇ ತಗೊಂಡು ಹೋಗು,” ಅಂದಿತು.

ಬೂದಕ್ಕ ಗಟ್ಟಿಯನ್ನು ಹೊತ್ತು ಹಾರಿದಳು. ಹಾಗೇ ಕೊಟ್ಟರೆ ಮರಿಯ ಗಂಟಲಿಗೆ ಸಿಕ್ಕಿಕೊಂಡಿತು. ಅಯ್ಯಯ್ಯೋ ಅಂತ ಎಳೆದು ತೆಗೆದು ಕುಕ್ಕಿದರೆ, ಪುಡಿಪುಡಿಯಾಗಿ ಗೂಡಿನ ಸಂದಿಯಿಂದ ಕೆಳಗೆ ಉದುರಿತು. ಅಳುತ್ತಾ ಮತ್ತೆ ಬಳ್ಳಿಯ ಹತ್ತಿರ ಬಂದಳು.

“ನಂಗೆ ಇಡೀ ನೀನು ಬೇಡ ಕಣಮ್ಮಾ. ಒಂದು ಸಾಕು. ಮರಿ ಕೂಗೋದನ್ನೂ ನಿಲ್ಲಿಸಿಬಿಟ್ಟಿದೆ.”

ಬಳ್ಳಿಯ ಕರುಳು ಚುರ್ ಅಂದಿತು. ಆದರೆ ಭಯವೂ ಆಯಿತು. ಬಿಡಿಬಿಡಿಯಾದರೆ ನನ್ನ ಮಕ್ಕಳೆಲ್ಲ ಚೆಲ್ಲಾಪಿಲ್ಲಿ ಆಗಿಬಿಟ್ಟರೆ? ಆಮೇಲೆ ನನ್ನದು ಅಂತ ಏನು ಉಳಿಯುತ್ತದೆ?

“ಬೇಡ ಕಣೇ, ಅವಳು ತಪ್ಪು ತಿಳ್ಕೊಂಡರೆ ನೀನ್ಯಾಕೆ ಮೈ ಹರ್ಕೋತೀಯ?” ಅಂದಿತು ಗಾಳಿ.

“ತಪ್ಪೇ ಇರಲಿ. ಅವಳ ಮರಿಗೆ ಹಸಿವಾಗಿರೋದು ಸುಳ್ಳಾ?”



ಬಳ್ಳಿ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ತನ್ನನ್ನು ತಾನೇ ಹಿಂಡಿಕೊಂಡಿತು. ಬಹಳ ನೋವಾಯಿತು. ಸಿಪ್ಪೆಯೊಳಗೆ ಗಟ್ಟಿ ಬಿರಿಯಿತು, ಚೂರುಗಳು ಹೊರಳಿ ಹೊರಳಿ ಗುಂಡಗಾದವು. ಒಂದೊಂದನ್ನೂ ಬಿಡುವ ಮೊದಲು ಬಳ್ಳಿಗೆ ಜೀವ ತಡೆಯಲಿಲ್ಲ. ಎಲ್ಲಕ್ಕೂ ಒಂದೊಂದು ಎಳೆ ತೊಟ್ಟು ಕೊಟ್ಟು, “ಹೋಗೋವರೆಗೂ ಅಮ್ಮನ ಕೈ ಬಿಡಬೇಡಿ,” ಅಂದಿತು.

ಸಿಪ್ಪೆ ಟಪ್ ಎಂದು ಬಾಯಿ ಬಿಟ್ಟಿತು. ಬೂದಕ್ಕ ಒಂದೇ ಒಂದು ಕಾಳು ಕಿತ್ತುಕೊಂಡು ಗೂಡಿಗೆ ಹಾರಿದಳು. ಮರಿ ಗುಳುಕ್ಕನೆ ನುಂಗಿತು. ಆಮೇಲೆ ಇನ್ನೊಂದು ಬೇಕೆಂದು ಊರೆಲ್ಲ ಕೇಳುವ ಹಾಗೆ ಕೂಗಿತು! ಅದನ್ನು ಕೇಳಿ ಬಳ್ಳಿಗೆ ನೋವೇ ಮರೆತುಹೋಯಿತು.

ಮುಂದೆ ಆ ನಾಡಿನ ಮಕ್ಕಳೂ ಒಂದು ಕಾಳಿಗೆ ‘ಪೀ’ ಅನ್ನತೊಡಗಿದರು. ಹಿರಿಯರು ತಪ್ಪು ತಪ್ಪು ಅಂತ ಗದರಿದರು. ತಿನ್ನುವ ಮಕ್ಕಳು ಕೇಳುತ್ತಾರೆಯೇ? ಆ ತಪ್ಪು ಮಾತೇ ನಿಂತಿತು, ಈಗ ಅದೇ ಸರಿ.

ಅದಕ್ಕೇ ಕಂದಾ, ಇವತ್ತಿಗೂ ಬಟಾಣಿ ಸುಲಿದರೆ ಕಾಳೆಲ್ಲ ಬೇರೆ ಬೇರೆಯಾಗಿಯೇ ಇರುತ್ತವೆ, ಆದರೂ ನೀನು ಕೀಳುವವರೆಗೂ ಒಂದೊಂದೂ ಪುಟ್ಟ ತೊಟ್ಟಿನಿಂದ ಅಮ್ಮನನ್ನು ಹಿಡಿದುಕೊಂಡೇ ಇರುತ್ತದೆ.