ಚರಂಡಿ ಪಕ್ಕದ ಶಿಲಾನ್ಯಾಸ

ಆನೆಯನ್ನೂ ಇರುವೆಯನ್ನೂ ಒಂದೇ ಕಣ್ಣಲ್ಲಿ ಕಾಯುವ ಸ್ವಾಮಿಗೆ ಶರಣೆಂದು ಈ ಕಥೆ ಹೇಳುತ್ತೇನೆ.

ಹಳೇ ಪೇಟೆಯಲ್ಲಿ ತೆರೆದ ಚರಂಡಿಯ ಆಚೆಗೆ ಕಾಳಿನ ಅಂಗಡಿ. ಮರಿಗಳನ್ನು ದಾಟಿಸಲಾಗದೆ ಹೇಂಟೆಯೊಂದು ದಿನವೂ ಈಚೆಗೇ ಹಸಿದು ನಿಲ್ಲುತ್ತಿತ್ತು. ಪಕ್ಕದಲ್ಲೇ, ಮಂತ್ರಿಗಳು ಪರದೆ ಸರಿಸಿ ಕಾಯಿ ಒಡೆದು ಹೋದ ಶಿಲಾನ್ಯಾಸದ ಕಲ್ಲು ಒಣಗಿದ ಹಾರ ಹಾಕಿಕೊಂಡು ನಿಂತಿತ್ತು.

"ಕಲ್ಲಣ್ಣ, ಈ ಚರಂಡಿ ಮುಚ್ಚೋದು ಯಾವಾಗ?" ಎಂದಿತು ಹೇಂಟೆ.

"ನನ್ನ ಎದೆ ನೋಡು. ಸರ್ಕಾರದ ಅನುದಾನದಲ್ಲಿ ಪೇಟೆಯ ಪುನರುಜ್ಜೀವನ ಎಂದು ಕೆತ್ತಿದ್ದಾರೆ. ಆಗೇಹೋಯಿತು ಅಂತ ತಿಳಿ."

"ನನ್ನ ಮಕ್ಕಳಿಗೆ ಓದು ಬರಲ್ಲವಲ್ಲಣ್ಣ, ಬಿದ್ದುಬಿಡ್ತಾವೆ."

"ಅದು ಅವುಗಳ ಅಜ್ಞಾನ!"

ಹೇಂಟೆ ಕಣ್ಣು ಮುಚ್ಚಿ ಶಿವನನ್ನು ನೆನೆಯಿತು. ಅಷ್ಟರಲ್ಲಿ ದೇವರಿಗೆ ಬಿಟ್ಟ ಬಸವ ಅತ್ತ ಬಂತು. ಪಾಪ, ಅದಕ್ಕೆ ಕುತ್ತಿಗೆ ತುರಿಸುತ್ತಿತ್ತು. ಕಲ್ಲಿಗೆ ಒರಗಿ ಚೆನ್ನಾಗಿ ಉಜ್ಜಿತಷ್ಟೆ, ಕಲ್ಲು ಮಕಾಡೆ ಉರುಳಿ ಚರಂಡಿಯ ಮೇಲೆ ಅಡ್ಡ ಬಿತ್ತು. ಹೇಂಟೆ ಮರಿಗಳ ಸಮೇತ ಅದರ ಬೆನ್ನು ತುಳಿದುಕೊಂಡು ಕಾಳಿನತ್ತ ನಡೆಯಿತು.

"ಅಯ್ಯೋ, ನನ್ನ ಅಕ್ಷರ ಇನ್ಯಾರು ಓದ್ತಾರೆ?" ಎಂದು ಕಲ್ಲು ಗೋಳಾಡಿತು.

"ಯಾಕಣ್ಣ ಕೊರಗ್ತೀಯ?" ಎಂದಿತು ಹೇಂಟೆ. "ಆ ಅನುದಾನದಲ್ಲಿ ಬಂದು ಕೆಲಸ ಮಾಡಿದ್ದು ನೀನೊಬ್ಬನೇ!"

ಕಥೆ ಕೇಳಿದ ನಿಮ್ಮೆಲ್ಲರ ಕಾಲಡಿಗೂ ಸ್ವಾಮಿ ಹೀಗೇ ಗಟ್ಟಿ ಕಲ್ಲೊಂದನ್ನು ಒದಗಿಸಲಿ.